ಗಂಟೆಗೆ ನೂರು ಮೇಲ್: ಉದ್ಯಮಬಾಗದ ಫೌಂಡ್ರಿಯೊಂದರ ಪ್ರಕರಣ

ಏಪ್ರಿಲ್ ಎರಡನೇ ವಾರದ ಒಂದು ಮಧ್ಯಾಹ್ನ ಮೂರು ಗಂಟೆಗೆ, ಪುಣೆಯಾಚೆಯ ಚಾಕಣದಲ್ಲಿ ಒಂದು ಕಂಪನಿಯ ಗೇಟಿನ ಮುಂದೆ ಬೆಳಗಾವಿಯ ಲಾರಿ ಬಂದು ನಿಂತಿತು. ಒಳಗಿದ್ದದ್ದು ಎಫ್‌ಜಿ 260 ದರ್ಜೆಯ ಬೀಡಿನ ಎರಕ. ಮಾಲು ಸರಿ ಇತ್ತು, ಬಿಲ್ಲು ಸರಿ ಇತ್ತು, ಇ-ವೇ ಬಿಲ್ಲೂ ಇತ್ತು. ಇಲ್ಲದ್ದು ಟೆಸ್ಟ್ ಸರ್ಟಿಫಿಕೇಟ್. ಯಾವ ಹೀಟ್ ನಂಬರಿನ (ಒಂದು ಸಲಕ್ಕೆ ಕರಗಿಸಿದ ಲೋಹದ ಗುರುತು) ಲೋಹದಲ್ಲಿ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಎಂದು ಬರೆದ ಆ ಒಂದು ಹಾಳೆ ಮಾಲಿಗಿಂತ ಮೊದಲು ಅವರ ಕ್ವಾಲಿಟಿ ವಿಭಾಗದ ಮೇಲ್ ವಿಳಾಸಕ್ಕೆ ಮುಟ್ಟಿರಬೇಕು. ಮುಟ್ಟದಿದ್ದರೆ ಗಾಡಿ ಒಳಗೆ ಬಿಡುವುದಿಲ್ಲ. ವಾಟ್ಸಾಪಿನಲ್ಲಿ ತೋರಿಸಿದ್ದನ್ನು ಗೇಟಿನವನು ಕಣ್ಣೆತ್ತಿಯೂ ನೋಡಲಿಲ್ಲ.

ಬೆಳಗಾವಿಯ ಉದ್ಯಮಬಾಗದ ಆಫೀಸಿನಿಂದ ಡಿಸ್ಪ್ಯಾಚ್ ಹುಡುಗ ಮೇಲ್ ಕಳಿಸಿದ್ದ. ಒಮ್ಮೆ 3.20ಕ್ಕೆ, ಮತ್ತೊಮ್ಮೆ 4.15ಕ್ಕೆ. ಎರಡೂ ಸಲ ಅವನ ಕಂಪ್ಯೂಟರ್ ಹೋಯಿತೆಂದೇ ತೋರಿಸಿತ್ತು. ಚಾಕಣದಲ್ಲಿ ಮಾತ್ರ ಬಂದಿರಲಿಲ್ಲ. ಕೊನೆಗೆ ರಾತ್ರಿ ಮಾಲೀಕರು ತಮ್ಮ ಸ್ವಂತ ಜಿಮೇಲ್‌ನಿಂದ ಕಳಿಸಿದರು. ಅದನ್ನು ಅಲ್ಲಿಯವರು ನೋಡಿ ಒಪ್ಪಿದ್ದು ಮರುದಿನ ಹತ್ತೂವರೆಗೆ. ರಾತ್ರಿಯಿಡೀ ಲಾರಿ ನಿಂತದ್ದರ ಹಾಲ್ಟಿಂಗ್ ಚಾರ್ಜು ಫೌಂಡ್ರಿಯ ತಲೆಗೆ ಬಂತು.

ನನಗೆ ಫೋನ್ ಬಂದದ್ದು ಆಗ. "ನಮ್ಮ ಮೇಲ್ ಯಾರೋ ಹ್ಯಾಕ್ ಮಾಡ್ಯಾರ ನೋಡ್ರಿ. ಲಗೂನ ಬರ್ರಿ."

ಟಿಳಕವಾಡಿಯಲ್ಲಿ ಕೂತು ಸಣ್ಣಪುಟ್ಟ ಕಾರ್ಖಾನೆ, ಆಫೀಸುಗಳ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹ್ಯಾಕ್ ಆಯಿತೆಂದು ಬರುವ ಹತ್ತು ಫೋನಿನಲ್ಲಿ ಒಂದೆರಡು ಮಾತ್ರ ನಿಜವಾದ ಹ್ಯಾಕ್. ಇದೂ ಅಲ್ಲ. ಈ ಪ್ರಕರಣವನ್ನು ಬರೆದಿಡಬೇಕು ಅನಿಸಿದ್ದಕ್ಕೆ ಕಾರಣ, ಅಗ್ಗದ ಮೇಲ್ ಯೋಜನೆಯೊಂದು ಎಲ್ಲೆಲ್ಲಿ ಕೈಕೊಡಬಹುದೋ ಅಲ್ಲೆಲ್ಲ ಇಲ್ಲಿ ಒಂದೇ ತಿಂಗಳಲ್ಲಿ ಕೈಕೊಟ್ಟಿತು. ಗುರುತು ಹತ್ತದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಮೊದಲು ಅವರಲ್ಲಿ ಏನಿತ್ತು ಅನ್ನುವುದು. ಕೆಲಸಗಾರರು ಅರವತ್ತರ ಸುತ್ತಮುತ್ತ, ಆಫೀಸಿನಲ್ಲಿ ಏಳು ಜನ. ಆರು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೇ ಹೋಸ್ಟಿಂಗನ್ನೂ (ಸರ್ವರಿನಲ್ಲಿ ಬಾಡಿಗೆಯ ಜಾಗ) ಕೊಡಿಸಿದ್ದ. ವೆಬ್‌ಸೈಟ್ ಮತ್ತು ಮೇಲ್ ಎರಡೂ ಒಂದೇ ಯೋಜನೆಯಲ್ಲಿ, ವರ್ಷಕ್ಕೆ ಎರಡು ಸಾವಿರ ರೂಪಾಯಿಯ ಒಳಗೆ. ಜಾಹೀರಾತಿನ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಎರಡು ಮಾತಿದ್ದವು: 10 ಜಿಬಿ ಜಾಗ, ಅನ್‌ಲಿಮಿಟೆಡ್ ಮೇಲ್ ಐಡಿ. ಅನ್‌ಲಿಮಿಟೆಡ್ ಅಂದಮೇಲೆ ಬಿಡುತ್ತಾರೆಯೇ? ಹನ್ನೊಂದು ಐಡಿ ಮಾಡಿಟ್ಟುಕೊಂಡಿದ್ದರು. ಅದರಲ್ಲಿ ಮೂರನ್ನು ಯಾರೂ ಎಂದೂ ತೆರೆದಿರಲಿಲ್ಲ.

ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಇರುವ ಹೋಸ್ಟಿಂಗ್‌ನಲ್ಲಿ 'ಟ್ರ್ಯಾಕ್ ಡೆಲಿವರಿ' ಅಂತ ಒಂದು ಪುಟ ಇರುತ್ತದೆ. ಯಾವ ಮೇಲ್ ಯಾವಾಗ ಹೊರಟಿತು, ಏನಾಯಿತು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಅದನ್ನು ತೆರೆದಾಗ ಆ ಮಧ್ಯಾಹ್ನ ಎರಡೂವರೆಯಿಂದ ಕೆಂಪು ಗುರುತುಗಳ ಸಾಲೇ ಸಾಲು. ಎಲ್ಲದರ ಮುಂದೆ ಒಂದೇ ಅರ್ಥದ ವಾಕ್ಯ: ಈ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಹೆಸರು) ಗಂಟೆಗೆ ಕಳಿಸಬಹುದಾದ ಮೇಲ್‌ಗಳ ಮಿತಿ ಮೀರಿದೆ, ಸಂದೇಶವನ್ನು ಕೈಬಿಡಲಾಗಿದೆ.

"ಎರಡೂವರಿಗೆ ಯಾರ್ ಏನ್ ಕಳಸ್ಯಾರ್ರಿ?" ಎಂದೆ. ಅಕೌಂಟ್ಸ್ ನೋಡುವ ಅಕ್ಕ ಮೆಲ್ಲಗೆ, "ನಾನರೀ. ಬ್ಯಾಲೆನ್ಸ್ ಕನ್ಫರ್ಮೇಶನ್ ಕಳಸಾಕತ್ತಿದ್ದೆ, ಆಡಿಟರ್ ಕೇಳಿದ್ರಂತ" ಎಂದರು.

ಮಾರ್ಚ್ ಮುಗಿದ ಮೇಲೆ ಎಲ್ಲ ಕಡೆಯೂ ನಡೆಯುವ ಕೆಲಸ ಅದು. ನಿಮ್ಮ ಲೆಕ್ಕದಲ್ಲಿ ನಮ್ಮ ಬಾಕಿ ಇಷ್ಟು, ನಮ್ಮ ಲೆಕ್ಕದಲ್ಲಿ ಇಷ್ಟು, ಸರಿ ಇದ್ದರೆ ಸಹಿ ಮಾಡಿ ಕಳಿಸಿ ಎಂದು ಗಿರಾಕಿಗಳಿಗೂ ಮಾಲು ಕೊಡುವವರಿಗೂ ಬರೆಯುವ ಕಾಗದ. ಇವರ ಪಟ್ಟಿಯಲ್ಲಿ 340 ಪಾರ್ಟಿಗಳು. ಟ್ಯಾಲಿಯಿಂದಲೇ ಒಂದೇ ಸಲಕ್ಕೆ ಕಳಿಸಲು ಕೊಟ್ಟಿದ್ದಾರೆ. ಜೊತೆಗೆ, ಆಡಿಟರಿಗೂ ಗೊತ್ತಿರಲಿ ಎಂದು ಪ್ರತಿಯೊಂದಕ್ಕೂ ಅವರ ವಿಳಾಸವನ್ನು ಸಿಸಿಯಲ್ಲಿ ಹಾಕಿದ್ದಾರೆ.

ಈಗ ಯೋಜನೆಯ ಷರತ್ತಿನ ಪುಟಕ್ಕೆ ಬನ್ನಿ. ಗಂಟೆಗೆ 100. ಒಂದು ಮೇಲ್ ಐಡಿಗೆ ನೂರಲ್ಲ, ಇಡೀ ಡೊಮೇನಿಗೆ ನೂರು. ಎಣಿಸುವುದೂ ಕಾಗದವನ್ನಲ್ಲ, ವಿಳಾಸವನ್ನು. ಸಿಸಿಯಲ್ಲಿ ಒಬ್ಬರಿದ್ದರೆ ಒಂದು ಮೇಲ್ ಎರಡಾಗುತ್ತದೆ. ಹಾಗಾಗಿ ಐವತ್ತನೇ ಪಾರ್ಟಿಗೆ ನೂರು ಮುಗಿದಿತ್ತು. ಸಿಪ್ಯಾನೆಲ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಮಿತಿಯ ಮೇಲೆ ಇನ್ನಷ್ಟು, ಅಂದರೆ ಶೇ 125ರವರೆಗೆ, ಸಾಲಿನಲ್ಲಿ ನಿಲ್ಲಿಸಿಕೊಂಡು ಮುಂದಿನ ಗಂಟೆಯಲ್ಲಿ ಕಳಿಸುವ ಏರ್ಪಾಡು ಇರುತ್ತದೆ. ಅದರ ಮೇಲಿನದ್ದಕ್ಕೆ ಸಾಲೂ ಇಲ್ಲ, ಸರದಿಯೂ ಇಲ್ಲ. ಅರವತ್ತೆರಡು ಪಾರ್ಟಿಗಳಾದ ಮೇಲೆ ಉಳಿದವು ಮರಳಿ ಬಂದವು.

ಅಷ್ಟಕ್ಕೇ ನಿಂತಿದ್ದರೆ ಟೆಸ್ಟ್ ಸರ್ಟಿಫಿಕೇಟ್ ಹೋಗುತ್ತಿತ್ತೋ ಏನೋ. ಅಕ್ಕ, ಹೋಗಿಲ್ಲವಲ್ಲ ಎಂದು 3.05ಕ್ಕೆ ಪೂರ್ತಿ ಪಟ್ಟಿಯನ್ನು ಮತ್ತೆ ಕಳಿಸಿದರು. 4.05ಕ್ಕೆ ಇನ್ನೊಮ್ಮೆ. ಪಟ್ಟಿಯ ಮೊದಲಿನ ಐವತ್ತು ಜನಕ್ಕೆ ಅದೇ ಕಾಗದ ಮೂರು ಸಲ ಮುಟ್ಟಿದೆ, ಕೊನೆಯವರಿಗೆ ಒಮ್ಮೆಯೂ ಇಲ್ಲ. ಕೊಲ್ಹಾಪುರದ ಒಬ್ಬ ವ್ಯಾಪಾರಿ ಫೋನ್ ಮಾಡಿ ಮರಾಠಿಯಲ್ಲಿ ರೇಗಿದರಂತೆ, ಒಮ್ಮೆ ಹೇಳಿದರೆ ತಿಳಿಯುವುದಿಲ್ಲವೇ ನಮಗೆ ಎಂದು. ಡಿಸ್ಪ್ಯಾಚ್ ಹುಡುಗ ಕಳಿಸಿದ ಎರಡು ಹೊತ್ತೂ ಈ ಎರಡು ಸುತ್ತುಗಳ ಬೆನ್ನಿಗೇ ಬಿದ್ದಿದ್ದವು. ಅಕ್ಕನ ಮೇಜಿನಿಂದ ಮುಗಿದ ನೂರು, ಅವನ ಮೇಜಿಗೂ ಮುಗಿದ ನೂರೇ.

ಸರ್ವರ್ ಸುಮ್ಮನೆ ಕೈಬಿಡಲಿಲ್ಲ. ಎರಡು ಸಲವೂ 'ಮೇಲರ್ ಡೀಮನ್' ಹೆಸರಿನಲ್ಲಿ ಅವನಿಗೆ ಮರಳಿ ಬರೆದಿತ್ತು. ಯಾಕಪ್ಪಾ ನೋಡಲಿಲ್ಲ ಎಂದರೆ, "ವೈರಸ್ ಇರಬೇಕಂತ ತಗದ್ ಹಾಕಿದ್ನಿರಿ" ಅಂದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಗುರುತಿಲ್ಲದ ಹೆಸರಿನ ಮೇಲ್ ತೆರೆಯಬೇಡ ಎಂದು ಎರಡು ವರ್ಷದ ಹಿಂದೆ ಅದೇ ಮೇಜಿನ ಮುಂದೆ ನಿಂತು ಹೇಳಿಕೊಟ್ಟವನು ನಾನೇ.

ಹೋಸ್ಟಿಂಗ್ ಮಾರಿದವರು ಸುಳ್ಳು ಹೇಳಿದರೆಂದು ಮಾಲೀಕರು ಸಿಟ್ಟಾಗಿದ್ದರು. ನಾನು ಹಾಗೆ ಹೇಳಲಾರೆ. ನಮ್ಮೂರ ಖಾನಾವಳಿಯಲ್ಲಿ ಊಟ ಅನ್‌ಲಿಮಿಟೆಡ್ ಅಂತ ಬೋರ್ಡ್ ಇರುತ್ತದೆ. ರೊಟ್ಟಿ ಎಷ್ಟಾದರೂ ಹಾಕುತ್ತಾರೆ. ಆದರೆ ಒಂದು ತಾಟಿನಲ್ಲಿ ಇಬ್ಬರು ಉಣ್ಣುವಂತಿಲ್ಲ, ಪಾರ್ಸೆಲ್ ಕಟ್ಟಿಸುವಂತಿಲ್ಲ. ಅದನ್ನು ಅದೇ ಬೋರ್ಡಿನ ಕೆಳಗೆ ಸಣ್ಣದಾಗಿ ಬರೆದಿರುತ್ತಾರೆ. ಐಡಿ ಅನ್‌ಲಿಮಿಟೆಡ್ ಎಂದರು, ಕಳಿಸುವುದು ಅನ್‌ಲಿಮಿಟೆಡ್ ಎನ್ನಲಿಲ್ಲ. ಗಂಟೆಯ ಮಿತಿ ಇಡುವುದಕ್ಕೂ ಕಾರಣವಿದೆ. ಅಗ್ಗದ ಯೋಜನೆಯಲ್ಲಿ ಒಂದೇ ಸರ್ವರ್, ಒಂದೇ ಐಪಿ ವಿಳಾಸದಲ್ಲಿ ನೂರಾರು ಡೊಮೇನ್‌ಗಳು ಬಾಡಿಗೆಗಿರುತ್ತವೆ. ಅದರಲ್ಲಿ ಒಬ್ಬನ ಪಾಸ್‌ವರ್ಡ್ ಕಳುವಾಗಿ ಅಲ್ಲಿಂದ ರಾತ್ರೋರಾತ್ರಿ ಸ್ಪ್ಯಾಮ್ ಹರಿದರೆ, ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಹೋಗುವುದು ಆ ಐಪಿ. ಪಕ್ಕದ ಮನೆಯವನ ತಪ್ಪಿಗೆ ಇಡೀ ವಠಾರಕ್ಕೇ ಪೋಸ್ಟ್ ನಿಲ್ಲುತ್ತದೆ. ಹಾಗಾಗಬಾರದೆಂದು ಎಲ್ಲರ ಕೈಯನ್ನೂ ಕಟ್ಟುತ್ತಾರೆ.

ನನ್ನ ತಕರಾರು ಬೇರೆಯದು. ಮೇಲ್ ಯೋಜನೆ ಕೊಳ್ಳುವಾಗ ನಾವೆಲ್ಲ ಎಷ್ಟು ಜಿಬಿ, ಎಷ್ಟು ಐಡಿ ಎಂದು ಕೇಳುತ್ತೇವೆ. ಮಿತಿ ಮುಟ್ಟಿದ ಗಳಿಗೆಯಲ್ಲಿ ಸರ್ವರ್ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ತಡೆದು ಆಮೇಲೆ ಕಳಿಸುತ್ತದೆಯೇ, ತಿರುಗಿಸುತ್ತದೆಯೇ? ತಿರುಗಿಸಿದರೆ ಯಾರಿಗೆ ತಿಳಿಸುತ್ತದೆ? ಒಬ್ಬನನ್ನು ನಿಲ್ಲಿಸುತ್ತದೆಯೋ, ಇಡೀ ಆಫೀಸನ್ನೋ? ಆ ಫೌಂಡ್ರಿಗೆ ನಷ್ಟವಾದದ್ದು ನೂರೆಂಬ ಸಂಖ್ಯೆಯಿಂದ ಅಲ್ಲ. ದಿನಕ್ಕೆ ಎಲ್ಲ ಸೇರಿ ಎಂಬತ್ತು ಮೇಲ್ ಕಳಿಸುವವರಿಗೆ ಗಂಟೆಗೆ ನೂರು ಧಾರಾಳ.

ಆ ದಿನ ಮಾಡಿದ್ದಿಷ್ಟೇ: ಉಳಿದ ಕಾಗದಗಳನ್ನು ಸಿಸಿ ತೆಗೆದು ಗಂಟೆಗೆ ಅರವತ್ತರಂತೆ ಕಳಿಸಲು ಹೇಳಿ ಬಂದೆ. ಮುಗಿಯಿತು ಅಂದುಕೊಂಡಿದ್ದೆ.

ಎರಡು ವಾರದ ಮೇಲೆ, ಒಂದು ಸೋಮವಾರ ಮಧ್ಯಾಹ್ನ ಮತ್ತೆ ಫೋನ್. ಈ ಸಲ ಹೊಸೂರಿನ ಗಿರಾಕಿಯೊಬ್ಬರು ಕರೆ ಮಾಡಿ, ನಿಮಗೆ ಶನಿವಾರ ಕಳಿಸಿದ್ದು ಇನ್ನೂ ಮುಟ್ಟಿಲ್ಲವಂತೆ, ನಮ್ಮ ಸರ್ವರ್ ಪ್ರಯತ್ನಿಸುತ್ತಲೇ ಇದೆಯಂತೆ ಎಂದಿದ್ದರು. ಕೇಳಿದರೆ ಶನಿವಾರದಿಂದ ಯಾರಿಗೂ ಒಂದೇ ಒಂದು ಮೇಲ್ ಬಂದಿಲ್ಲ. ಯಾರೂ ಗಮನಿಸಿಲ್ಲ. "ಇವತ್ತ ಮೇಲ್ ಕಡಿಮಿ ಅದಾವ, ಛಲೋ ಆತು ಅಂತ ಕುಂತಿದ್ವಿರಿ" ಅಂದರು ಕೊಟೇಶನ್ ಮಾಡುವ ಇಂಜಿನಿಯರ್. ಒಂದು ಸುಳಿವು ಇತ್ತು: ಕಳಿಸಿದ ಮೇಲ್ ಹೋಗುತ್ತಿತ್ತು, ಆದರೆ 'ಸೆಂಟ್' ಫೋಲ್ಡರಿನಲ್ಲಿ ಉಳಿಸಲಾಗಲಿಲ್ಲ ಎಂದು ಅವರು ಮೇಲ್ ನೋಡುವ ಥಂಡರ್‌ಬರ್ಡ್ ತಂತ್ರಾಂಶ ಹೇಳುತ್ತಿತ್ತು. ಅದನ್ನು ಎರಡು ದಿನದಿಂದ ಎಲ್ಲರೂ ಓಕೆ ಒತ್ತಿ ಮುಚ್ಚುತ್ತಿದ್ದರು.

ಮೇಲ್ ಬಾಕ್ಸುಗಳಿಗೆ ಪ್ರತ್ಯೇಕ ಮಿತಿ ಇರಲಿಲ್ಲ, ಎಲ್ಲದರ ಮುಂದೆಯೂ ಅನ್‌ಲಿಮಿಟೆಡ್ ಎಂದೇ ಬರೆದಿತ್ತು. ತುಂಬಿದ್ದು ಖಾತೆಯ ಒಟ್ಟು ಜಾಗ. ಆ 10 ಜಿಬಿ ಮೇಲಿಗೆಂದೇ ಇಟ್ಟದ್ದಲ್ಲ. ವೆಬ್‌ಸೈಟಿಗೂ ಮೇಲಿಗೂ ಸೇರಿ ಒಂದೇ ಕಣಜ. ಮೇಲ್‌ಗಳದ್ದು ನಾಲ್ಕೂವರೆ ಜಿಬಿ. ವೆಬ್‌ಸೈಟಿನದ್ದು 600 ಎಂಬಿ. ಉಳಿದದ್ದು? ವೆಬ್‌ಸೈಟ್ ಮಾಡಿದ ಹುಡುಗ ವರ್ಡ್‌ಪ್ರೆಸ್‌ನಲ್ಲಿ ಬ್ಯಾಕಪ್ ಪ್ಲಗಿನ್ ಒಂದನ್ನು ಹಾಕಿದ್ದ. ಅದು ಪ್ರತಿ ಶುಕ್ರವಾರ ರಾತ್ರಿ 350 ಎಂಬಿಯ ಒಂದು ಜಿಪ್ ಕಟ್ಟಿ ಅದೇ ಕಣಜದಲ್ಲಿ ಇಡುತ್ತಿತ್ತು. ಹಳೆಯದನ್ನು ಅಳಿಸು ಎಂದು ಯಾರೂ ಹೇಳಿರಲಿಲ್ಲ. ಆ ಶುಕ್ರವಾರದ್ದು ಹದಿನಾಲ್ಕನೆಯದು. 4.9 ಜಿಬಿ ಬ್ಯಾಕಪ್, ಕಣಜ ಭರ್ತಿ. (ಬ್ಯಾಕಪ್ಪನ್ನು ಅದೇ ಸರ್ವರಿನಲ್ಲಿ ಇಡುವುದೆಂದರೆ ಮನೆಯ ಇನ್ನೊಂದು ಕೀಲಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದಂತೆ. ಅದು ಬೇರೆಯೇ ಜಗಳ.)

ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವಾಗ ಮೂರಂಕಿಯ ಸಂಕೇತ ಬಳಸುತ್ತವೆ. ಐದರಿಂದ ಶುರುವಾದರೆ, ಬರಬೇಡ, ಹೋಗು ಎಂದರ್ಥ. ನಾಲ್ಕರಿಂದ ಶುರುವಾದರೆ, ಸರಕಾರಿ ಆಫೀಸಿನ ಗುಮಾಸ್ತರಂತೆ, ಈಗ ಆಗೂದಿಲ್ಲ, ಆಮೇಲೆ ಬರ್ರಿ. ಖಾತೆಯ ಜಾಗ ಮುಗಿದಾಗ ಈ ಸರ್ವರ್ ಹೇಳುತ್ತಿದ್ದದ್ದು ನಾಲ್ಕರ ಮಾತು. ಕಳಿಸುವವರ ಸರ್ವರ್ ಪಾಪ, ನಾಲ್ಕೈದು ದಿನವಾದರೂ ಬಾಗಿಲಿಗೆ ಬಂದು ಬಂದು ಹೋಗುತ್ತಿರುತ್ತದೆ. ನಡುವೆ ಕೆಲವು ಸರ್ವರ್‌ಗಳು ತಡವಾಗುತ್ತಿದೆ ಎಂದಷ್ಟೇ ತಮ್ಮ ಯಜಮಾನನಿಗೆ ತಿಳಿಸುತ್ತವೆ, ಸೋತೆ ಎಂದು ಹೇಳುವುದು ಆಮೇಲಷ್ಟೇ. ಇತ್ತ ಮುಟ್ಟಬೇಕಾದವನಿಗೆ ಏನೇನೂ ತಿಳಿಯುವುದಿಲ್ಲ. ಮೇಲ್ ಕಳೆದುಹೋಗದಿರಲಿ ಎಂದೇ ಮಾಡಿದ ಒಳ್ಳೆಯ ಏರ್ಪಾಡು ಇದು. ಆದರೆ ಗಡುವಿರುವ ಕಾಗದಕ್ಕೆ ಇದರಿಂದ ಉಪಯೋಗವಿಲ್ಲ.

ಹನ್ನೆರಡು ಹಳೆಯ ಜಿಪ್ ಅಳಿಸಿದೆ. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಒಂದೊಂದಾಗಿ ಬರತೊಡಗಿ, ಚಹಾ ತರಿಸಿ ಕುಡಿಯುವಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಮೇಲ್ ಸುರಿದವು. ಎಲ್ಲರೂ ಖುಷಿಯಿಂದ ನೋಡುತ್ತಿದ್ದಾಗ ಇಂಜಿನಿಯರ್ ಸುಮ್ಮನಾದರು. ಕೊಲ್ಹಾಪುರ ಕಡೆಯ ಪಂಪ್ ತಯಾರಕರೊಬ್ಬರು ಶನಿವಾರ ಬೆಳಿಗ್ಗೆ ಹೊಸ ಕೇಸಿಂಗ್‌ಗೆ ದರ ಕೇಳಿ ಬರೆದಿದ್ದರು. ದರ ಮುಟ್ಟಬೇಕಾದ ಕೊನೆಯ ಹೊತ್ತು ಸೋಮವಾರ ಮಧ್ಯಾಹ್ನ ಹನ್ನೆರಡು. ಮೇಲ್ ನಮ್ಮ ಕಣ್ಣಿಗೆ ಬಿದ್ದಾಗ ಎರಡೂಕಾಲು. ಫೋನ್ ಮಾಡಿ ನೋಡಿದರು. ಬಂದ ದರಗಳನ್ನು ಆಗಲೇ ತೆರೆದಾಗಿತ್ತು.

ಮಾಲೀಕರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎರಡ್ ಸಾವಿರದಾಗ ಎಷ್ಟ್ ಬರತೈತಿ ಅಷ್ಟ ಬಂತು ಬಿಡ್ರಿ. ಈಗ ಏನ್ ಮಾಡೂಣು ಹೇಳ್ರಿ" ಎಂದರು.

ಬದಲಿಸುವ ಮುಂಚೆ ಇದ್ದಬದ್ದ ದೂರುಗಳನ್ನೆಲ್ಲ ಕೇಳಿಕೊಂಡೆ. ಇಂಜಿನಿಯರ್‌ದು ಒಂದು ಹಳೆಯ ಜಗಳ. ಮಿತಿ 25 ಎಂಬಿ ಎನ್ನುತ್ತಾರೆ, ಗಿರಾಕಿ ಕಳಿಸುವ ಡ್ರಾಯಿಂಗಿನ ಜಿಪ್ 19 ಎಂಬಿ, ಆದರೂ ಮರಳುತ್ತದೆ. ಯಾರು ಮೋಸ ಮಾಡುತ್ತಿದ್ದಾರೆ? ಯಾರೂ ಇಲ್ಲ. ಮೇಲ್ ಹುಟ್ಟಿದ್ದೇ ಅಕ್ಷರಗಳನ್ನು ಸಾಗಿಸಲು. ಜಿಪ್ಪು, ಫೋಟೋ, ಏನೇ ಆದರೂ ಅಕ್ಷರಗಳಾಗಿ ಬದಲಾಗಿಯೇ ಹೋಗಬೇಕು. ಬೇಸ್64 ಎಂಬ ಆ ಪರಿವರ್ತನೆಯಲ್ಲಿ ಪ್ರತಿ ಮೂರು ಬೈಟು ನಾಲ್ಕಾಗುತ್ತದೆ. 19 ಅನ್ನುವುದು 25.3 ಆಗುತ್ತದೆ, ಮೇಲೆ ಸಾಲು ಮುರಿಯುವ ಗುರುತುಗಳ ಭಾರ ಬೇರೆ. 25ರ ಮಿತಿ ಎಂದರೆ 18ರವರೆಗಿನ ಫೈಲು ಎಂದು ತಿಳಿದಿರುವುದು ವಾಸಿ. ಅತ್ತ ಇತ್ತ ಇಬ್ಬರ ಸರ್ವರಿನಲ್ಲಿ ಯಾವುದು ಚಿಕ್ಕದೋ ಅದೇ ಮಿತಿ.

ಇನ್ನೊಂದು, ಜಿಮೇಲ್ ಇರುವ ಸಣ್ಣ ಗಿರಾಕಿಗಳಿಗೆ ಇವರ ಮೇಲ್ ಸ್ಪ್ಯಾಮಿಗೆ ಬೀಳುವುದು. ನೋಡಿದರೆ ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿವರಗಳ ಸಾರ್ವಜನಿಕ ಪಟ್ಟಿ) ಎರಡು ಎಸ್‌ಪಿಎಫ್ ದಾಖಲೆಗಳಿದ್ದವು. ಈ ಡೊಮೇನಿನ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವ ದಾಖಲೆ ಅದು. ಒಂದೇ ಇರಬೇಕು, ಎರಡಿದ್ದರೆ ಎರಡೂ ಇಲ್ಲದಂತೆಯೇ ಲೆಕ್ಕ. ಮೇಲ್ ಈ ಡೊಮೇನಿನದ್ದೇ ಎಂದು ತೋರಿಸುವ ಡಿಕೆಐಎಂ ಸಹಿ ಹಾಕುವುದು ಶುರುವೇ ಆಗಿರಲಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಸರಿಯಿರಬೇಕು, ದಿನಕ್ಕೆ ಐದು ಸಾವಿರ ಮೀರಿ ಕಳಿಸುವವರಿಗೆ ಎರಡೂ ಬೇಕು, ಈ ಪರೀಕ್ಷೆಯಲ್ಲಿ ಬಿದ್ದ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಎಂಎಆರ್‌ಸಿಯೂ ಬೇಕು. ಹತ್ತು ನಿಮಿಷದ ಕೆಲಸ, ಆರು ವರ್ಷ ಆಗದೇ ಉಳಿದಿತ್ತು.

ಎಲ್ಲರೂ ಒಂದೇ ಉಚಿತ ಜಿಮೇಲ್ ಬಳಸೋಣ ಎಂದು ಮಾಲೀಕರ ಮಗ ಸೂಚಿಸಿದ. 15 ಜಿಬಿ, ದಿನಕ್ಕೆ 500, ಖರ್ಚಿಲ್ಲ. ನಾನು ಬೇಡ ಎಂದೆ. ಒಂದೇ ಪಾಸ್‌ವರ್ಡ್ ಏಳು ಜನರ ಕೈಯಲ್ಲಿದ್ದು, ನಾಳೆ ಒಬ್ಬ ಕೆಲಸ ಬಿಟ್ಟರೆ ಗಿರಾಕಿಗಳ ಡ್ರಾಯಿಂಗೆಲ್ಲ ಅವನ ಫೋನಿನಲ್ಲೇ ಹೋಗುತ್ತವೆ. ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡರೆ ಒಬ್ಬೊಬ್ಬರಿಗೆ ದಿನಕ್ಕೆ 2,000, ಕೆಳಗಿನ ಯೋಜನೆಯಲ್ಲೂ ತಲೆಗೆ 30 ಜಿಬಿ. ಮೈಕ್ರೋಸಾಫ್ಟ್‌ನದು ಆಗ 50 ಜಿಬಿಯ ಬಾಕ್ಸು. ಅಲ್ಲಿ ನನಗೆ ಹಿಡಿಸುವುದು ಜಿಬಿಗಿಂತ ಇನ್ನೊಂದು: ಗೂಗಲ್‌ನಲ್ಲಿ ಮಿತಿ ಮೀರಿದವನ ಕಳಿಸುವಿಕೆ 24 ಗಂಟೆಯವರೆಗೆ ನಿಲ್ಲುತ್ತದೆ, ಆದರೆ ಅವನಿಗೆ ಬರುವುದು ಬರುತ್ತಲೇ ಇರುತ್ತದೆ, ಪಕ್ಕದ ಮೇಜಿನವನಿಗೆ ಏನೂ ಆಗುವುದಿಲ್ಲ. ತೊಂದರೆ ಎಂದರೆ ತಲೆಗಿಷ್ಟು ಎಂದು ತಿಂಗಳ ಬಾಡಿಗೆ. "ಹನ್ನೊಂದು ಐಡಿಗೆ ಹನ್ನೊಂದ್ ಬಾಡಿಗಿ ಏನ್ರಿ?" ಎಂದು ಮಾಲೀಕರು ಲೆಕ್ಕ ಹಾಕತೊಡಗಿದರು.

ಹನ್ನೊಂದು ಬೇಕಿರಲಿಲ್ಲ. ದಿನವೂ ಮೇಲ್ ಬರೆಯುವವರು ನಾಲ್ಕೇ ಜನ: ಮಾಲೀಕರು, ಅಕ್ಕ, ಇಂಜಿನಿಯರ್, ಡಿಸ್ಪ್ಯಾಚ್. ಖರೀದಿ, ಎಚ್‌ಆರ್, ವಿಚಾರಣೆ ಮುಂತಾದ ವಿಳಾಸಗಳು ಬಾಕ್ಸುಗಳಾಗಿರಬೇಕಿಲ್ಲ, ಈ ನಾಲ್ವರಲ್ಲಿ ಒಬ್ಬರಿಗೆ ಬಂದು ಬೀಳುವ ಅಡ್ಡಹೆಸರುಗಳಾದರೆ ಸಾಕು. ಅಡ್ಡಹೆಸರಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಶಾಪ್ ಫ್ಲೋರಿನ ಸೂಪರ್‌ವೈಸರ್ ತಮ್ಮ ಐಡಿ ಹೋಗುತ್ತದೆ ಎಂದು ಮೊದಲು ಮುನಿಸಿಕೊಂಡರು, ವಿಸಿಟಿಂಗ್ ಕಾರ್ಡಿನಲ್ಲಿ ಅಡ್ಡಹೆಸರು ಹಾಗೇ ಇರುತ್ತದೆ ಎಂದ ಮೇಲೆ ಸುಮ್ಮನಾದರು.

ಕೊನೆಗೆ ಆರಿಸಿದ್ದು ಬರೀ ಮೇಲ್ ಸೇವೆ ಕೊಡುವ ಒಂದು ಕಂಪನಿಯ ಕಡಿಮೆ ಬೆಲೆಯ ಯೋಜನೆ, ನಾಲ್ಕು ಬಾಕ್ಸು. ಆರಿಸುವ ಮೊದಲು ಪರೀಕ್ಷೆಯ ಅವಧಿಯಲ್ಲಿ ಒಂದು ಬಾಕ್ಸನ್ನು ಬೇಕೆಂದೇ ತುಂಬಿಸಿದೆ. ತುಂಬುವ ಮೊದಲೇ ಎಚ್ಚರಿಕೆ ಬಂತು. ತುಂಬಿದ ಮೇಲೆ ಹೊರಗಿನಿಂದ ಕಳಿಸಿದ್ದು ಕೂಡಲೇ ಮರಳಿತು. ನನ್ನ ಮಟ್ಟಿಗೆ ನಾಲ್ಕು ದಿನ ಬಾಗಿಲಲ್ಲಿ ಕಾಯಿಸುವುದಕ್ಕಿಂತ ಅದು ಮೇಲು. ಕಳಿಸಿದವರು ಆಗಲೇ ಫೋನ್ ಮಾಡುತ್ತಾರೆ. ಫೋನಿನಲ್ಲಿ, ಥಂಡರ್‌ಬರ್ಡಿನಲ್ಲಿ ಐಮ್ಯಾಪ್ (ಸರ್ವರಿನಲ್ಲಿರುವ ಮೇಲನ್ನು ಇಂಥ ತಂತ್ರಾಂಶಗಳಲ್ಲಿ ಓದುವ ವಿಧಾನ) ನಡೆಯುತ್ತದೆಯೇ ಎಂದೂ ನೋಡಿಕೊಂಡೆ. ಕೆಲವು ಉಚಿತ ಮತ್ತು ತೀರಾ ಅಗ್ಗದ ಯೋಜನೆಗಳಲ್ಲಿ ಬ್ರೌಸರಿನಲ್ಲಿ ಮಾತ್ರ ಓದಲು ಬಿಡುತ್ತಾರೆ, ಅದು ಗೊತ್ತಾಗುವುದು ಎಲ್ಲ ಸಾಗಿಸಿದ ಮೇಲೆ. ವೆಬ್‌ಸೈಟನ್ನು ಹಳೆಯ ಜಾಗದಲ್ಲೇ ಬಿಟ್ಟೆವು. ಅದಕ್ಕೆ ಆ ಹೋಸ್ಟಿಂಗ್ ಈಗಲೂ ಸಾಕು.

ಸಾಗಣೆಯಲ್ಲಿ ಒಂದು ತಪ್ಪು ನನ್ನದೇ. ಎರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಒಂದು ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 14,400 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದೆ, ಭಾನುವಾರ ಎಂಎಕ್ಸ್ (ಮೇಲ್ ಯಾವ ಸರ್ವರಿಗೆ ಬರಬೇಕೆನ್ನುವ ದಾಖಲೆ) ಬದಲಿಸಿದೆ, ಹಳೆಯ ಮೇಲ್‌ಗಳನ್ನು ಐಮ್ಯಾಪ್‌ಸಿಂಕ್ ಎಂಬ ತಂತ್ರಾಂಶದಿಂದ ಎಳೆದೆ. ಸೋಮವಾರ ಎಲ್ಲ ಸರಿ. ಆರು ದಿನದ ಮೇಲೆ ಮಾಲೀಕರ ಮಗ ಕೇಳಿದ: ವೆಬ್‌ಸೈಟಿನ ವಿಚಾರಣೆ ಫಾರ್ಮಿನಿಂದ ಒಂದೂ ಬಂದಿಲ್ಲವಲ್ಲ? ಸಿಪ್ಯಾನೆಲ್‌ನ 'ಇಮೇಲ್ ರೂಟಿಂಗ್' ಅನ್ನು 'ರಿಮೋಟ್'ಗೆ ಬದಲಿಸುವುದನ್ನು ಮರೆತಿದ್ದೆ. ಹಾಗಾಗಿ ಹಳೆಯ ಸರ್ವರ್ ಈ ಡೊಮೇನಿನ ಮೇಲ್ ಇನ್ನೂ ತನ್ನ ಮನೆಯದೇ ಎಂದುಕೊಂಡು, ಫಾರ್ಮಿನವನ್ನೆಲ್ಲ ಹಳೆಯ ಬಾಕ್ಸುಗಳಲ್ಲೇ ತುಂಬಿಸಿಡುತ್ತಿತ್ತು. ಹೊರಗಿನವರ ಮೇಲ್ ಎಲ್ಲ ಸರಿಯಾಗಿ ಬರುತ್ತಿದ್ದುದರಿಂದ ಅನುಮಾನವೇ ಬಂದಿರಲಿಲ್ಲ. ಮೂರು ವಿಚಾರಣೆಗಳು ಅಲ್ಲಿ ಕೂತಿದ್ದವು. ಅದೃಷ್ಟಕ್ಕೆ ಎರಡು, ನಿಮ್ಮ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎನ್ನುವವರದ್ದು.

ಡ್ರಾಯಿಂಗುಗಳು ಈಗ ಲಿಂಕಿನಲ್ಲಿ ಬರುತ್ತವೆ. ಟೆಸ್ಟ್ ಸರ್ಟಿಫಿಕೇಟ್ ಕಳಿಸಿದ ಮೇಲೆ ಡಿಸ್ಪ್ಯಾಚ್ ಹುಡುಗ ಹತ್ತು ನಿಮಿಷ ಇನ್‌ಬಾಕ್ಸ್ ನೋಡಿಯೇ ಲಾರಿ ಬಿಡುತ್ತಾನೆ. ಮೇಲರ್ ಡೀಮನ್ ಬಂದರೆ ಓದುವುದು ಹೇಗೆ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಅವನ ಮುಂದಿನ ಗೋಡೆಗೆ ಅಂಟಿಸಿದ್ದೇನೆ.

ಮರುವರ್ಷದ ಏಪ್ರಿಲ್‌ನಲ್ಲಿ ಅಕ್ಕ ಬ್ಯಾಲೆನ್ಸ್ ಕನ್ಫರ್ಮೇಶನ್‌ಗಳನ್ನು ಎರಡು ದಿನ ಮಾಡಿ ಕಳಿಸಿದರು, ಸಿಸಿ ಇಲ್ಲದೆ. ಇಪ್ಪತ್ತಮೂರು ಮರಳಿದವು. ಹಿಂದಾಗಿದ್ದರೆ ಅಳಿಸಿಬಿಡುತ್ತಿದ್ದರು. ಈ ಸಲ ಒಂದೊಂದನ್ನೂ ತೆರೆದು, ಲೆಡ್ಜರ್ ಪಕ್ಕದಲ್ಲಿಟ್ಟುಕೊಂಡು ನೋಡಿದ್ದಾರೆ. ಹೆಚ್ಚಿನವು ಕೆಲಸ ಬಿಟ್ಟುಹೋದವರ ಹಳೆಯ ವಿಳಾಸಗಳು. ಒಂದರಲ್ಲಿ ಮಾತ್ರ ಡೊಮೇನೇ ಇಲ್ಲ ಎಂದಿತ್ತು. ಆ ಪಾರ್ಟಿಯ ಹೆಸರಿನಲ್ಲಿ ಎಂಟು ತಿಂಗಳ ಬಾಕಿ ನಿಂತಿತ್ತು. ಅಕ್ಕ ಪ್ರಿಂಟ್ ತೆಗೆದುಕೊಂಡು ನೇರವಾಗಿ ಮಾಲೀಕರ ಕ್ಯಾಬಿನ್ನಿಗೆ ಹೋದರು. ನಾನು ಹೊರಗೆ ಪ್ರಿಂಟರಿನ ಟೋನರ್ ಬದಲಿಸುತ್ತಿದ್ದೆ. ಐದು ನಿಮಿಷಕ್ಕೆ ಮಾಲೀಕರು ಕಾರಿನ ಕೀಲಿ ಹಿಡಿದು ಹೊರಬಂದವರು ನನ್ನನ್ನು ನೋಡಿ, "ಕೊಲ್ಹಾಪುರಕ್ಕ ಹೊಂಟೇನ್ರಿ. ಮೇಲ್ ಹೋಗಲಿಲ್ಲಂದ್ರ ನಾನ ಹೋಗಬೇಕಲ್ಲ" ಎಂದರು.